ಅಂಗನವಾಡಿಗೆ ಕೂಸಿನ ಹುಟ್ಟಿದ ದಿನ, ಎಲ್‌ಕೆಜಿಗೆ ಜೂನ್ 1

ಕೂಸಿಗೆ ಮೂರು ವರ್ಷ ತುಂಬಿದ ದಿನದಿಂದಲೇ ಅಂಗನವಾಡಿಯ ಶಾಲಾಪೂರ್ವ ಶಿಕ್ಷಣಕ್ಕೆ ಅದು ಅರ್ಹ. ಜೂನ್ ಬರುವವರೆಗೆ ಕಾಯಬೇಕಿಲ್ಲ. ದಸರೆಗೆ ಮೂರು ತುಂಬಿದರೆ ದಸರೆ ಮುಗಿಸಿ ಕಳಿಸಿ, ಸಂಕ್ರಾಂತಿಗೆ ತುಂಬಿದರೆ ಸಂಕ್ರಾಂತಿಗೆ. ಸರ್ಕಾರಿ ಸಾಲಿಯ ಎಲ್‌ಕೆಜಿ ಲೆಕ್ಕ ಬೇರೆ: ಆ ವರ್ಷದ ಜೂನ್ 1ಕ್ಕೆ ನಾಲ್ಕು ವರ್ಷ ಪೂರ್ಣವಾಗಿರಬೇಕು. ಯುಕೆಜಿಗೆ ಐದು, ಒಂದನೇ ತರಗತಿಗೆ ಆರು. ಈ ಎರಡು ಲೆಕ್ಕ ಒಂದರಲ್ಲೊಂದು ಕಲೆಸಿಹೋಗುವುದರಿಂದಲೇ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಎಷ್ಟೋ ಮನೆಗಳಲ್ಲಿ ಕೂಸು ವರ್ಷಗಟ್ಟಲೆ ಸುಮ್ಮನೆ ಮನೆಯಲ್ಲಿ ಉಳಿಯುತ್ತದೆ. ಇಲ್ಲವೇ ಪುಕ್ಕಟೆ ಸಿಗುವುದನ್ನು ಬಿಟ್ಟು, ತಂದೆ-ತಾಯಿ ಕೈಸಾಲ ಮಾಡಿ ಖಾಸಗಿ ನರ್ಸರಿಗೆ ದುಡ್ಡು ಕಟ್ಟುತ್ತಾರೆ.

ಲೆಕ್ಕ ಹಾಕುವ ಬಗೆ

ಜನನ ಪ್ರಮಾಣಪತ್ರವನ್ನು ಮುಂದಿಟ್ಟುಕೊಳ್ಳಿ. ಹುಟ್ಟಿದ್ದು ಜನವರಿ 1ರಿಂದ ಜೂನ್ 1ರೊಳಗಾದರೆ ಹುಟ್ಟಿದ ಇಸವಿಗೆ 4 ಕೂಡಿಸಿ. ಜೂನ್ 2ರಿಂದ ಡಿಸೆಂಬರ್ 31ರೊಳಗಾದರೆ 5 ಕೂಡಿಸಿ. ಬಂದ ಇಸವಿಯ ಜೂನ್‌ನಲ್ಲಿ ಎಲ್‌ಕೆಜಿ. ಅದರ ಮುಂದಿನ ವರ್ಷ ಯುಕೆಜಿ, ಅದರ ಮುಂದಿನದು ಒಂದನೇ ತರಗತಿ.

20 ಮಾರ್ಚ್ 2023ರಂದು ಹುಟ್ಟಿದ ಕೂಸು ಅಂಗನವಾಡಿಗೆ ಅರ್ಹವಾಗುವುದು 20 ಮಾರ್ಚ್ 2026ಕ್ಕೆ. ಎಲ್‌ಕೆಜಿ ಜೂನ್ 2027, ಯುಕೆಜಿ 2028, ಒಂದನೇ ತರಗತಿ 2029. ಅದೇ ವರ್ಷದ ಆಗಸ್ಟ್ 14ಕ್ಕೆ ಹುಟ್ಟಿದ ಕೂಸಿಗೆ ಅಂಗನವಾಡಿ 14 ಆಗಸ್ಟ್ 2026ಕ್ಕೇ ಸಿಗುತ್ತದೆ, ಎಲ್‌ಕೆಜಿ ಮಾತ್ರ ಜೂನ್ 2028ಕ್ಕೆ. ನಡುವೆ ಹತ್ತಿರಹತ್ತಿರ ಇಪ್ಪತ್ತೆರಡು ತಿಂಗಳು. ಮಾತು, ಆಟ, ಬೇರೆ ಮಕ್ಕಳ ಜೊತೆ ಹೊಂದಿಕೊಳ್ಳುವುದು ಎಲ್ಲ ಕುದುರುವ ಕಾಲ ಅದು. ಮಳೆಗಾಲ ಶುರುವಾದ ಮೇಲೆ, ಅಂದರೆ ಜೂನ್ 2ರಿಂದ ಮುಂದೆ ಹುಟ್ಟಿದ ಮಕ್ಕಳ ತಂದೆ-ತಾಯಿ ಅಂಗನವಾಡಿಯನ್ನು ಬಿಟ್ಟುಕೊಡಲೇಬಾರದು ಎನ್ನುವುದು ಇದಕ್ಕೇ.

ಜೂನ್ 1ಕ್ಕೇ ಹುಟ್ಟಿದ ಕೂಸು ಆ ವರ್ಷಕ್ಕೆ ಸಲ್ಲುತ್ತದೆ. ಜೂನ್ 2ಕ್ಕೆ ಹುಟ್ಟಿದ್ದು ಸಲ್ಲುವುದಿಲ್ಲ. ಒಂದು ದಿನದ ಸಲುವಾಗಿ ಒಂದು ವರ್ಷ ಹೋಯಿತಲ್ಲ ಎಂದು ಸಂಕಟವಾಗುವುದು ಸಹಜ, ಆದರೆ ಆ ವರ್ಷ ಕೂಸಿಗೆ ನಷ್ಟವಲ್ಲ. ಅದನ್ನು ಅಂಗನವಾಡಿಯಲ್ಲಿ ಕಳೆದರಾಯಿತು. ನಮ್ಮ ಕಡೆ ಹಿರಿಯರಲ್ಲಿ ಬಹಳ ಮಂದಿಯ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1 ಎಂದೇ ಇದೆ. ಆಗ ಮಾಸ್ತರು ಕೂಸಿನ ಎತ್ತರ ನೋಡಿ, ಸಾಲಿ ತೆರೆಯುವ ತಾರೀಖನ್ನೇ ಬರೆದುಕೊಳ್ಳುತ್ತಿದ್ದರು. ಈಗ ಆ ದಾರಿ ಇಲ್ಲ, ಹುಡುಕಲೂಬೇಡಿ. ಜನನ ಪ್ರಮಾಣಪತ್ರ, ಆಧಾರ್, ಅಂಗನವಾಡಿಯ ಮೊಬೈಲ್ ದಾಖಲೆಯಾದ ಪೋಷಣ್ ಟ್ರ್ಯಾಕರ್, ಸಾಲಿಯ ವಿದ್ಯಾರ್ಥಿ ದಾಖಲೆಯಾದ ಎಸ್‌ಎಟಿಎಸ್ ಎಲ್ಲ ಕಡೆ ಒಂದೇ ತಾರೀಖು ಇರಬೇಕು. ಒಂದು ಕಡೆ ತಿದ್ದಿದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯವರೆಗೂ ಆ ತೊಡಕು ಬೆನ್ನು ಹತ್ತುತ್ತದೆ.

ಒಂದನೇ ತರಗತಿಗೆ ಆರು ವರ್ಷ ಎಂಬ ಆದೇಶ ಹೊರಟಿದ್ದು ಜುಲೈ 2022ರಲ್ಲಿ. ತಂದೆ-ತಾಯಿಯ ಒತ್ತಾಯದ ಮೇಲೆ ಜಾರಿಯನ್ನು 2025-26ಕ್ಕೆ ಮುಂದೂಡಿದರು. ಆ ವರ್ಷ ಮತ್ತೆ ಒಂದು ಸಲಕ್ಕೆ ಮಾತ್ರ ಎಂದು ಸಡಿಲಿಕೆ ಕೊಟ್ಟರು: ರಾಜ್ಯ ಪಠ್ಯಕ್ರಮದ ಸಾಲಿಗಳಲ್ಲಿ, ಯುಕೆಜಿ ಮುಗಿಸಿ ಜೂನ್ 1ಕ್ಕೆ 5 ವರ್ಷ 5 ತಿಂಗಳು ತುಂಬಿದವರನ್ನು ಸೇರಿಸಿಕೊಳ್ಳಲು ಒಪ್ಪಿದರು. ಹೀಗೆ ಹಿಂದೆ ಮುಂದೆ ಆಗಿದ್ದರಿಂದ "ಈ ಸಲಾನೂ ಬಿಡ್ತಾರಂತ" ಎಂಬ ಮಾತು ಪ್ರತಿ ಬೇಸಿಗೆಯಲ್ಲಿ ಏಳುತ್ತದೆ. ಸಡಿಲಿಕೆ ಎಂಬುದು ಬಂದರೆ ಲಿಖಿತ ಸುತ್ತೋಲೆಯಾಗಿ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಗೆ, ಅಂದರೆ ಬಿಇಒ ಆಫೀಸಿಗೆ ಬರುತ್ತದೆ. ಅದರ ಪ್ರತಿ ಕಣ್ಣಿಗೆ ಕಾಣುವವರೆಗೆ ವಾಟ್ಸಾಪ್ ಸುದ್ದಿ ನಂಬಿ ಎಲ್ಲೂ ಹಣ ಕಟ್ಟಬೇಡಿ. ಎಲ್‌ಕೆಜಿಗೆ ಬೇಗ ಸೇರಿಸಿದರೆ ಮುಂದೆ ದಾರಿಯಾದೀತು ಎಂದು ಮೂರೂವರೆ ವರ್ಷದ ಕೂಸನ್ನು ಖಾಸಗಿ ಎಲ್‌ಕೆಜಿಗೆ ಹಾಕಿದವರು ಒಂದನೇ ತರಗತಿಯ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ, ಆಮೇಲೆ ಯುಕೆಜಿಯನ್ನು ಎರಡನೇ ಸಲ, ಎರಡನೇ ಸಲದ ಫೀಯೊಂದಿಗೆ ಓದಿಸಬೇಕಾಗುತ್ತದೆ.

ಅಂಗನವಾಡಿ: ಯಾರಿಗೆ, ಏನು, ಹೇಗೆ

ಅಂಗನವಾಡಿಗೆ ಬಿಪಿಎಲ್ ಕಾರ್ಡ್ ಬೇಕಿಲ್ಲ. ಬಡತನ ರೇಖೆಯನ್ನು ಅರ್ಹತೆಯ ಅಳತೆಯಾಗಿ ಬಳಸಬಾರದು ಎಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. ಜಾತಿ, ಆದಾಯ, ಸ್ವಂತ ಮನೆ, ಬಾಡಿಗೆ ಮನೆ ಯಾವುದೂ ಅಡ್ಡಿಯಲ್ಲ. "ಅದು ಬಡವರ ಮಕ್ಕಳಿಗೆ" ಎಂಬ ಭಾವನೆಯಿಂದ ನೌಕರಿ ಮನೆಯವರು ದೂರ ಉಳಿಯುತ್ತಾರೆ. ಓಣಿಯ ಎಲ್ಲ ಮನೆಯ ಮಕ್ಕಳು ಬಂದರೆ ಆ ಕೇಂದ್ರದ ಮೇಲೆ ಎಲ್ಲರ ಕಣ್ಣಿರುತ್ತದೆ, ಅದರಿಂದಲೇ ಅಲ್ಲಿಯ ಕೆಲಸವೂ ಚೆನ್ನಾಗಿ ನಡೆಯುತ್ತದೆ.

ಊಟ ಮತ್ತು ಪಾಠ, ಇವೆರಡರ ಕಾನೂನು ಬಲ ಒಂದೇ ಅಲ್ಲ. ಆರು ತಿಂಗಳಿಂದ ಆರು ವರ್ಷದವರೆಗಿನ ಕೂಸಿಗೆ ಅಂಗನವಾಡಿಯ ಮೂಲಕ ಉಚಿತ ಆಹಾರ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಕೊಟ್ಟ ಹಕ್ಕು. ಶಾಲಾಪೂರ್ವ ಶಿಕ್ಷಣ ಹಾಗಲ್ಲ. ಸಂವಿಧಾನದ 45ನೇ ವಿಧಿ ಆರು ವರ್ಷದೊಳಗಿನವರ ಆರೈಕೆ, ಶಿಕ್ಷಣಕ್ಕೆ ಸರ್ಕಾರ ಪ್ರಯತ್ನಿಸಬೇಕು ಎನ್ನುತ್ತದೆ. ಮೂಲಭೂತ ಹಕ್ಕಾಗಿ ಶಿಕ್ಷಣ ಶುರುವಾಗುವುದು ಆರನೇ ವರ್ಷದಿಂದ. ಹಾಗಾಗಿ ಊಟ ನಿಂತಿದ್ದರೆ ಕಾಯ್ದೆಯ ಹೆಸರು ಹೇಳಿ ಕೇಳಿ. ಪಾಠ ನಡೆಯದಿದ್ದರೆ ತಾಯಂದಿರು ಸೇರಿ, ಅಂಗನವಾಡಿಯ ಬಾಲವಿಕಾಸ ಸಮಿತಿಯಲ್ಲಿ ಮಾತೆತ್ತಿ, ಮೇಲ್ವಿಚಾರಕಿಯ ಮುಂದೆ ಇಡಬೇಕಾಗುತ್ತದೆ.

ಮೂರು ತುಂಬುವ ಮೊದಲು ಕೂಸಿಗೆ ಸಿಗುವುದು ಮನೆಗೆ ಒಯ್ಯುವ ಆಹಾರದ ಪಾಕೀಟು. ಮೂರು ತುಂಬಿದ ಮೇಲೆ ಪಾಕೀಟು ನಿಂತು, ಕೇಂದ್ರದಲ್ಲೇ ಕುಳಿತು ಉಣ್ಣುವ ಬಿಸಿ ಊಟ ಶುರುವಾಗುತ್ತದೆ. ಜಗಳಗಳು ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ. "ಹ್ವಾದ ತಿಂಗಳ ಕೊಟ್ರಿ, ಈ ತಿಂಗಳ ಯಾಕ ಕೊಡೂದಿಲ್ಲ" ಎಂದು ಟೀಚರ ಮೇಲೆ ಸಿಟ್ಟಾಗುವ ಮೊದಲು ಕೂಸಿನ ವಯಸ್ಸು ನೋಡಿ. ಕಳಿಸಿದರೆ ಊಟ ಉಂಟು. ಊಟದ ಜೊತೆ ಕ್ಷೀರಭಾಗ್ಯದ ಹಾಲು, ವಾರದಲ್ಲಿ ಎರಡು ದಿನ ಮೊಟ್ಟೆ. ಇವೆಲ್ಲವೂ ಹಾಜರಿಯ ಮೇಲೆ ನಿಂತಿವೆ.

ಸೇರಿಸುವ ಕ್ರಮ ಹೀಗೆ. ಮೊದಲು ನಿಮ್ಮ ಓಣಿ ಯಾವ ಕೇಂದ್ರದ ಸಮೀಕ್ಷೆಗೆ ಸೇರಿದೆ ಎಂದು ತಿಳಿಯಿರಿ. ಹಳ್ಳಿಯಲ್ಲಿ ಇದು ಎಲ್ಲರಿಗೂ ಗೊತ್ತಿರುತ್ತದೆ. ಹುಬ್ಬಳ್ಳಿ-ಧಾರವಾಡದ ಹೊಸ ಬಡಾವಣೆಗಳಲ್ಲಿ ಮಾತ್ರ ಎರಡು ಕೇಂದ್ರಗಳ ನಡುವೆ ಕೆಲವು ಮನೆ ಯಾವುದಕ್ಕೂ ಸೇರದೆ ಉಳಿದಿರುತ್ತವೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಟ್ಟನೆ ಹೇಳುತ್ತಾರೆ. ಬೆಳಿಗ್ಗೆ, ಮಕ್ಕಳಿರುವ ಹೊತ್ತಿಗೆ ಹೋಗಿ. ಕೇಂದ್ರ ಹೇಗೆ ನಡೆಯುತ್ತಿದೆ ಎಂಬುದೂ ಕಣ್ಣಿಗೆ ಬೀಳುತ್ತದೆ. ಕೂಸಿನ ಜನನ ಪ್ರಮಾಣಪತ್ರ, ತಾಯಿ ಕಾರ್ಡ್, ತಾಯಿಯ ಆಧಾರ್, ಇದ್ದರೆ ಕೂಸಿನ ಆಧಾರ್, ನಿತ್ಯ ಬಳಸುವ ಒಂದು ಮೊಬೈಲ್ ನಂಬರ್ ಒಯ್ಯಿರಿ. ನಂಬರ್ ಮನೆಯಲ್ಲಿರುವವರದ್ದಾಗಿರಲಿ. ಬೆಂಗಳೂರಿಗೋ ಗೋವಾಕ್ಕೋ ದುಡಿಯಲು ಹೋದ ತಂದೆಯ ನಂಬರ್ ಕೊಟ್ಟರೆ ಒಟಿಪಿ ಅಲ್ಲಿಗೆ ಹೋಗುತ್ತದೆ, ಕೆಲಸ ಇಲ್ಲಿ ನಿಲ್ಲುತ್ತದೆ.

ಕೂಸಿಗೆ ಆಧಾರ್ ಇಲ್ಲವೆಂದು ಯಾರೂ ತಿರುಗಿ ಕಳಿಸುವಂತಿಲ್ಲ. ತಾಯಿಯ ಆಧಾರ್ ಮೇಲೆ ಹೆಸರು ಸೇರಿಸಬಹುದು. "ಕೂಸು ಇನ್ನೂ ಹೇಳಿ ಒಂದಕ್ಕೆ ಹೋಗೂದಿಲ್ಲ, ಆಮೇಲೆ ಕರ್ಕೊಂಡು ಬರ್ರಿ" ಎಂಬ ಮಾತಿಗೂ ನಿಯಮದ ಆಧಾರವಿಲ್ಲ; ಎರಡು ಜೊತೆ ಬಟ್ಟೆ ಚೀಲದಲ್ಲಿಟ್ಟು ಕಳಿಸಿ. ಟೀಚರು ಕೂಸಿನ ತೂಕ, ಎತ್ತರ ನೋಡಿ ಪೋಷಣ್ ಟ್ರ್ಯಾಕರ್‌ನಲ್ಲಿ ಬರೆಯುತ್ತಾರೆ. ಬರೆದಾದ ಮೇಲೆ ಮೊಬೈಲಿನಲ್ಲಿ ಹುಟ್ಟಿದ ದಿನ, ಹೆಸರು ಒಮ್ಮೆ ತೋರಿಸಿರೆಂದು ಕೇಳಿ. ಅವರೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಆರು ತಿಂಗಳಿಂದಲೂ ಪಾಕೀಟು ಒಯ್ಯುತ್ತಿದ್ದ ಕೂಸಾದರೆ ಹೊಸದಾಗಿ ಹೆಸರು ಬರೆಸಬೇಕಿಲ್ಲ, ಆಗ ಬರೆದ ತಾರೀಖು ಸರಿ ಇದೆಯೇ ಎಂಬುದನ್ನಷ್ಟೇ ನೋಡಿ.

ಮೊದಲ ವಾರ ಕೂಸು ಅಳುತ್ತದೆ. ಒಂದು ತಾಸು, ಎರಡು ತಾಸು ಎಂದು ಹೆಚ್ಚಿಸುತ್ತ ಹೋಗಿ, ಊಟದ ಹೊತ್ತಿಗೆ ಇರುವಂತೆ ನೋಡಿಕೊಳ್ಳಿ. ಅಂಗನವಾಡಿಯಲ್ಲಿ ಹಾಡು, ಕಥೆ, ಆಟಿಕೆ, ಬಣ್ಣ, ಎಣಿಕೆ ಇರುತ್ತವೆ. ಮೂರರ ಕೂಸಿಗೆ ಪಾಟಿ ಕೊಟ್ಟು ಅ-ಆ-ಇ-ಈ ತಿದ್ದಿಸಲಿಲ್ಲ ಎಂದು ದೂರುವುದು ತಪ್ಪು. ಆ ವಯಸ್ಸಿನ ಬೆರಳಿಗೆ ಮಣ್ಣಿನ ಉಂಡೆ, ಮಣಿ ಪೋಣಿಸುವುದು, ಹರಿದು ಅಂಟಿಸುವುದೇ ಬರವಣಿಗೆಯ ತಯಾರಿ.

ಜನನ ಪ್ರಮಾಣಪತ್ರ: ಎಲ್ಲ ಗಂಟು ಇಲ್ಲಿಯೇ

1 ಅಕ್ಟೋಬರ್ 2023ರಿಂದ ಜಾರಿಗೆ ಬಂದ, ಜನನ-ಮರಣ ನೋಂದಣಿ ಕಾಯ್ದೆಯ ತಿದ್ದುಪಡಿಯ ಪ್ರಕಾರ, ಆ ದಿನ ಅಥವಾ ಅದರ ಆಮೇಲೆ ಹುಟ್ಟಿದವರಿಗೆ ಸಾಲಿ ಸೇರಲು ಹುಟ್ಟಿದ ದಿನದ ಏಕೈಕ ದಾಖಲೆ ಜನನ ಪ್ರಮಾಣಪತ್ರ. ಆ ಮಕ್ಕಳಲ್ಲಿ ಮೊದಲಿನವರಿಗೆ ಮೂರು ತುಂಬುವುದು ಅಕ್ಟೋಬರ್ 2026ಕ್ಕೆ. ಅಂಗನವಾಡಿ ಟೀಚರು ತಾಯಿ ಕಾರ್ಡ್ ನೋಡಿ ಸೇರಿಸಿಕೊಂಡಾರು, ಎಲ್‌ಕೆಜಿಯಲ್ಲಿ ಅದು ನಡೆಯುವುದಿಲ್ಲ. ಆದ್ದರಿಂದ ಮೂರು ತುಂಬುವುದರೊಳಗೆ ಪ್ರಮಾಣಪತ್ರ ಕೈಯಲ್ಲಿರಲಿ.

ನಮ್ಮ ಕಡೆ ಸಾಮಾನ್ಯವಾಗಿ ಎಡವುವುದು ಮೂರು ಕಡೆ. ಒಂದು, ಚೊಚ್ಚಲ ಹೆರಿಗೆ ತವರಿನಲ್ಲಾಗುತ್ತದೆ. ಗಂಡನ ಮನೆ ಹುಬ್ಬಳ್ಳಿ, ಹೆರಿಗೆ ಆಗಿದ್ದು ರೋಣದ ಆಸ್ಪತ್ರೆಯಲ್ಲಿ. ಜನನ ನೋಂದಣಿ ಆಗುವುದು ಕೂಸು ಹುಟ್ಟಿದ ಊರಿನಲ್ಲಿ, ಮನೆ ಇರುವ ಊರಿನಲ್ಲಲ್ಲ. ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯ ಕಿಟಕಿಯ ಮುಂದೆ ಎಷ್ಟು ಸಲ ನಿಂತರೂ ಅವರ ವಹಿಯಲ್ಲಿ ಆ ಕೂಸಿನ ಹೆಸರು ಸಿಗದು. ರಾಜ್ಯದ ಇ-ಜನ್ಮ ವ್ಯವಸ್ಥೆಯಲ್ಲಿ ದಾಖಲಾಗಿದ್ದರೆ ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರದಲ್ಲಿ ವಿಚಾರಿಸಿ. ಆಸ್ಪತ್ರೆಯ ಹೆಸರು, ಹುಟ್ಟಿದ ದಿನ, ತಾಯಿಯ ಹೆಸರು ಹೇಳಬೇಕಾಗುತ್ತದೆ.

ಎರಡು, ಪ್ರಮಾಣಪತ್ರದಲ್ಲಿ ಕೂಸಿನ ಹೆಸರೇ ಇರುವುದಿಲ್ಲ. ಆಸ್ಪತ್ರೆಯಿಂದ ಮೂರನೇ ದಿನಕ್ಕೋ ಐದನೇ ದಿನಕ್ಕೋ ಮನೆಗೆ ಬರುತ್ತೀರಿ, ತೊಟ್ಟಿಲ ಕಾರ್ಯ ಆಗುವುದು ಅದರ ಆಮೇಲೆ. ಆಸ್ಪತ್ರೆಯವರು ಹೆಸರಿನ ಜಾಗ ಖಾಲಿ ಬಿಟ್ಟು ಕಳಿಸಿರುತ್ತಾರೆ. ನೋಂದಣಿಯಾದ ಒಂದು ವರ್ಷದೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಅದಾದ ಮೇಲೆ ಹದಿನೈದು ವರ್ಷದವರೆಗೂ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಒಮ್ಮೆ ಸೇರಿಸಿದ ಹೆಸರನ್ನು ಬದಲಿಸುವುದು ಕಷ್ಟ. ಮುತ್ಯಾ ಒಂದು ಹೆಸರು, ಅಮ್ಮ ಒಂದು ಹೆಸರು ಕರೆಯುವ ಮನೆಯಲ್ಲಿ ಮೊದಲು ಎಲ್ಲರೂ ಕೂಡಿ ಒಂದಕ್ಕೆ ಬನ್ನಿ.

ಮೂರು, ಅಡ್ಡಹೆಸರಿನ ಗೊಂದಲ. ಜನನ ಪ್ರಮಾಣಪತ್ರದಲ್ಲಿ ಕೂಸಿನ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಪೂರ್ತಿ ಇರುತ್ತವೆ. ಆಧಾರ್‌ನಲ್ಲಿ ಬರೇ ಇನಿಷಿಯಲ್. ತಾಯಿಯ ಆಧಾರ್‌ನಲ್ಲಿ ತವರಿನ ಅಡ್ಡಹೆಸರು, ಪ್ರಮಾಣಪತ್ರದಲ್ಲಿ ಗಂಡನ ಮನೆಯದು. ಯಂತ್ರಕ್ಕೆ ಇದು ಬೇರೆ ಬೇರೆ ಜನ. ಕೂಸಿನ ಆಧಾರ್ ಮಾಡಿಸುವಾಗ ಪ್ರಮಾಣಪತ್ರದಲ್ಲಿದ್ದಂತೆ ಅಕ್ಷರಕ್ಕೆ ಅಕ್ಷರ ಹೊಂದಿಸಿ, ಇಂಗ್ಲಿಷ್ ಕಾಗುಣಿತವನ್ನೂ ನೋಡಿ. ಐದು ವರ್ಷದೊಳಗಿನ ಆಧಾರ್‌ಗೆ ಬೆರಳಚ್ಚು, ಕಣ್ಣಿನ ಗುರುತು ತೆಗೆಯುವುದಿಲ್ಲ. ಐದು ತುಂಬಿದ ಮೇಲೆ ತೆಗೆಸಬೇಕು, ಏಳರೊಳಗೆ ಹೋದರೆ ಅದು ಉಚಿತ. ಯುಕೆಜಿ ಇರುವಾಗಲೇ ಮುಗಿಸಿಬಿಡಿ.

ನೋಂದಣಿಯೇ ಆಗಿಲ್ಲದಿದ್ದರೆ? ಹುಟ್ಟಿದ 21 ದಿನದೊಳಗೆ ತಿಳಿಸಬೇಕೆಂಬುದು ನಿಯಮ. ಮೂವತ್ತು ದಿನದವರೆಗೆ ತಡದ ಶುಲ್ಕದಿಂದ ಮುಗಿಯುತ್ತದೆ. ಒಂದು ವರ್ಷ ದಾಟಿದರೆ ದಂಡಾಧಿಕಾರಿಯ ಆದೇಶ ಬೇಕು, ಅದು ತಿಂಗಳುಗಟ್ಟಲೆ ಹಿಡಿಯುತ್ತದೆ. ಮನೆಯಲ್ಲೇ ಹೆರಿಗೆಯಾದ ಮಕ್ಕಳ ಪಾಲಿಗೆ ಈ ತೊಂದರೆ ಹೆಚ್ಚು. ಎಲ್‌ಕೆಜಿಗೆ ಇನ್ನೂ ವರ್ಷ ಇದೆಯಲ್ಲ ಎಂದು ಕೂರದೆ ಇವತ್ತೇ ಅರ್ಜಿ ಹಾಕಿ, ಅಷ್ಟರಲ್ಲಿ ಅಂಗನವಾಡಿಗೆ ಕಳಿಸುತ್ತಿರಿ.

ಸರ್ಕಾರಿ ಸಾಲಿಯ ಎಲ್‌ಕೆಜಿ, ಯುಕೆಜಿ

ಎಲ್ಲ ಸರ್ಕಾರಿ ಸಾಲಿಯಲ್ಲೂ ಎಲ್‌ಕೆಜಿ ಇಲ್ಲ. ಕರ್ನಾಟಕ ಪಬ್ಲಿಕ್ ಸ್ಕೂಲ್‌ಗಳಲ್ಲಿ ಇದೆ, ಇನ್ನೂ ಕೆಲವು ಸಾಲಿಗಳಲ್ಲಿ ಇದೆ. ಗಜೇಂದ್ರಗಡ, ಮುಂಡರಗಿ ಕಡೆಯವರು ಪಕ್ಕದ ಕೊಪ್ಪಳ ಜಿಲ್ಲೆಯ ಬಳಗವನ್ನು ನೋಡಿ "ಅಲ್ಲಿ ಇದೆ, ಇಲ್ಲಿ ಯಾಕಿಲ್ಲ" ಎನ್ನುತ್ತಾರೆ. ಅಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣ ಇದೆ. ಧಾರವಾಡ, ಗದಗ, ಹಾವೇರಿ ಆ ಮಂಡಳಿಯ ವ್ಯಾಪ್ತಿಗೆ ಬರುವುದಿಲ್ಲ. ನಿಮ್ಮ ತಾಲ್ಲೂಕಿನಲ್ಲಿ ಎಲ್ಲಿದೆ ಎಂಬ ಪಟ್ಟಿ ಬಿಇಒ ಕಚೇರಿಯಲ್ಲೋ ಸಮೂಹ ಸಂಪನ್ಮೂಲ ವ್ಯಕ್ತಿಯ ಹತ್ತಿರವೋ ಸಿಗುತ್ತದೆ. ಹುಬ್ಬಳ್ಳಿ, ಧಾರವಾಡ, ಗದಗಕ್ಕೆ ಶಹರ ಮತ್ತು ಗ್ರಾಮೀಣ ಎಂದು ಬಿಇಒ ಕಚೇರಿ ಬೇರೆ ಬೇರೆ. ನಿಮ್ಮದು ಯಾವುದೆಂದು ಕೇಳಿಕೊಂಡು ಹೋದರೆ ಒಂದು ಓಡಾಟ ಉಳಿಯುತ್ತದೆ.

ಸೀಟು ಕಡಿಮೆ, ಕೇಳುವವರು ಹೆಚ್ಚು. ಜೂನ್ ಮೊದಲ ವಾರ ಹೋದರೆ ತಡವಾಗಿರುತ್ತದೆ. ಬೇಸಿಗೆ ರಜೆ ಬೀಳುವ ಮೊದಲೇ, ಅಂದರೆ ಏಪ್ರಿಲ್ ಮೊದಲ ವಾರದೊಳಗೆ, ಹೆಡ್ ಮಾಸ್ತರರನ್ನು ಕಂಡು ಅರ್ಜಿ ಯಾವಾಗ ಕೊಡುತ್ತೀರಿ ಎಂದು ತಿಳಿದುಕೊಳ್ಳಿ. ಅದೇ ಹೊತ್ತಿಗೆ ಇನ್ನೊಂದು ಮಾತು ತಪ್ಪದೆ ಕೇಳಿ: ಇಲ್ಲಿಯ ಎಲ್‌ಕೆಜಿ ಅಕ್ಕೋರಿಗೆ ಗೌರವಧನ ಯಾರು ಕೊಡುತ್ತಾರೆ, ಇಲಾಖೆಯೋ, ಸಾಲಿಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯೋ? ಇಲಾಖೆ ಕೊಡುವ ಕಡೆ ನಿಮ್ಮಿಂದ ಫೀ ಕೇಳುವ ಕಾರಣವಿಲ್ಲ. ಎಸ್‌ಡಿಎಂಸಿ ದಾನಿಗಳ ನೆರವಿನಿಂದ ನಡೆಸುವ ಕಡೆ ತಂದೆ-ತಾಯಿಯಿಂದಲೂ ವಂತಿಗೆ ಕೇಳಬಹುದು. ಅಲ್ಲಿ ವರ್ಷಕ್ಕೆ ಎಷ್ಟು, ರಸೀದಿ ಕೊಡುತ್ತೀರಾ, ದಾನಿ ಕೈಬಿಟ್ಟರೆ ಮುಂದಿನ ವರ್ಷ ಯುಕೆಜಿ ನಡೆಯುತ್ತದೆಯೇ ಎಂಬುದನ್ನು ಸೇರಿಸುವ ಮೊದಲೇ ಕೇಳಿ.

ಎಲ್‌ಕೆಜಿ ಸಿಗದಿದ್ದರೆ ಅಂಗನವಾಡಿಯಲ್ಲೇ ಮುಂದುವರಿಸಿ. ಒಂದನೇ ತರಗತಿಗೆ ಸೇರಲು ವಯಸ್ಸು ಸಾಕು, ಎಲ್‌ಕೆಜಿ ಓದಿದ ಕಾಗದ ಬೇಕಿಲ್ಲ. ಮಳೆಗಾಲದ ಮಕ್ಕಳಿಗೆ ಮಾತ್ರ ಇಲ್ಲಿ ಒಂದು ತೊಡಕುಂಟು. ಅಂಗನವಾಡಿಯ ಮಿತಿ ಆರು ವರ್ಷ. ಮೇಲೆ ಹೇಳಿದ ಆಗಸ್ಟ್ ಕೂಸಿಗೆ ಆರು ತುಂಬುವುದು ಆಗಸ್ಟ್ 2029ಕ್ಕೆ, ಒಂದನೇ ತರಗತಿ ಜೂನ್ 2030ಕ್ಕೆ. ನಡುವಿನ ಒಂಬತ್ತೂವರೆ ತಿಂಗಳು ಕೂಸು ಎಲ್ಲಿಯೂ ಸೇರದಂತಾಗುತ್ತದೆ. ಅಂಥ ಮಕ್ಕಳಿಗೆ ಜೂನ್ 2029ರ ಯುಕೆಜಿಯನ್ನೇ ಗುರಿಯಾಗಿಟ್ಟುಕೊಂಡು ಒಂದು ವರ್ಷ ಮೊದಲಿನಿಂದ ಸೀಟಿಗೆ ಪ್ರಯತ್ನಿಸಬೇಕು. ಹತ್ತಿರದಲ್ಲಿ ಯುಕೆಜಿಯೇ ಇಲ್ಲದ ಹಳ್ಳಿಯಾದರೆ, ಆರು ತುಂಬುವ ಮೊದಲೇ ಅಂಗನವಾಡಿ ಮೇಲ್ವಿಚಾರಕಿಯ ಜೊತೆ ಮಾತಾಡಿಟ್ಟುಕೊಳ್ಳಿ.

ಖಾಸಗಿ ಸಾಲಿಯಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ಉಚಿತ ಆರ್‌ಟಿಇ ಸೀಟು ಸಿಗಬಹುದೇ ಎಂದು ಈಗಲೂ ಕೇಳುತ್ತಾರೆ. 2019ರಿಂದ ನಿಯಮ ಬದಲಾಗಿದೆ: ನೆರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಸಾಲಿ ಇದ್ದರೆ ಅಲ್ಲಿಯ ಖಾಸಗಿ ಸಾಲಿಗೆ ಆ ಸೀಟು ಇಲ್ಲ. ನಮ್ಮ ಊರುಗಳಲ್ಲಿ ಸರ್ಕಾರಿ ಸಾಲಿ ಇಲ್ಲದ ನೆರೆ ಅಪರೂಪ, ಹಾಗಾಗಿ ಅದನ್ನು ನೆಚ್ಚಿ ಕೂರಬೇಡಿ. ಕೇಂದ್ರೀಯ ವಿದ್ಯಾಲಯದ ಶಾಲಾಪೂರ್ವ ತರಗತಿಯಾದ ಬಾಲವಾಟಿಕಾ ಇರುವ ಕಡೆ ಮೂರು, ನಾಲ್ಕು, ಐದು ವರ್ಷಕ್ಕೆ ಸೇರಿಸುತ್ತಾರೆ, ಆದರೆ ಅಲ್ಲಿ ವಯಸ್ಸು ನೋಡುವುದು ಮಾರ್ಚ್ 31ಕ್ಕೆ, ಮತ್ತು ಅದು ಪೂರ್ತಿ ಉಚಿತವಲ್ಲ.

ದುಡಿಯಲು ಹೋಗುವ ಮನೆಗಳಿಗೆ

ಸುಗ್ಗಿ ಮುಗಿದ ಮೇಲೆ ಗೋವಾ, ಮಂಗಳೂರಿನ ಕಡೆ ದುಡಿಯಲು ಹೋಗುವವರು ಕೂಸಿನ ಅಂಗನವಾಡಿಯನ್ನು ಅಲ್ಲಿಗೆ ವರ್ಗ ಮಾಡಿಸಿಕೊಳ್ಳಬಹುದು. ಪೋಷಣ್ ಟ್ರ್ಯಾಕರ್ ದೇಶಕ್ಕೆಲ್ಲ ಒಂದೇ. ಹೋಗುವ ಮೊದಲು ಟೀಚರಿಗೆ ತಿಳಿಸಿ, ಹೋದ ಊರಿನ ಕೇಂದ್ರದಲ್ಲಿ ಅದೇ ಮೊಬೈಲ್ ನಂಬರ್, ಅದೇ ಆಧಾರ್ ಹೇಳಿ. ಹೇಳದೆ ಹೋದರೆ ಇಲ್ಲಿ ಗೈರುಹಾಜರಿ, ಅಲ್ಲಿ ಹೊಸ ಹೆಸರು ಸೇರದು, ಎರಡೂ ಕಡೆ ಊಟ ತಪ್ಪುತ್ತದೆ. ಊರಲ್ಲೇ ಉದ್ಯೋಗ ಖಾತ್ರಿಗೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆ ಗ್ರಾಮ ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ 'ಕೂಸಿನ ಮನೆ' ಇದೆಯೇ ವಿಚಾರಿಸಿ.

ಕೂಸಿಗೆ ಮಾತು ತಡ, ನಡಿಗೆ ತಡ, ಕಿವಿ ಕೇಳದು ಎಂಬ ಅನುಮಾನವಿದ್ದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಮಕ್ಕಳ ಆರೋಗ್ಯದ ಸರ್ಕಾರಿ ಕಾರ್ಯಕ್ರಮವಾದ ಆರ್‌ಬಿಎಸ್‌ಕೆ ವೈದ್ಯರ ತಂಡ ತಪಾಸಣೆಗೆ ಬರಬೇಕು. ಬರುವ ದಿನ ಯಾವುದೆಂದು ಕೇಳಿಟ್ಟುಕೊಂಡು ಅಂದು ತಪ್ಪದೆ ಕೂಸನ್ನು ತೋರಿಸಿ.

ನಿಮ್ಮ ತಾಂಡಾದಲ್ಲೋ ಕೊಳಚೆ ಪ್ರದೇಶದಲ್ಲೋ ಅಂಗನವಾಡಿಯೇ ಇಲ್ಲದಿದ್ದರೆ, ಆರು ವರ್ಷದೊಳಗಿನ ಮಕ್ಕಳನ್ನು ಮನೆಮನೆಗೆ ಹೋಗಿ ಎಣಿಸಿ. ನಲವತ್ತು ಮಕ್ಕಳಿದ್ದು ಬೇಡಿಕೆ ಇಟ್ಟರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಡಿಸೆಂಬರ್ 2006ರಲ್ಲಿ ಆದೇಶಿಸಿದೆ. ಮಕ್ಕಳ ಹೆಸರು, ಹುಟ್ಟಿದ ದಿನ, ತಾಯಿಯ ಸಹಿ ಇರುವ ಪಟ್ಟಿಯನ್ನು ಅರ್ಜಿಗೆ ಹಚ್ಚಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಕೊಡಿ, ಪ್ರತಿಯ ಮೇಲೆ ಕಚೇರಿಯ ಮೊಹರು ಮತ್ತು ತಾರೀಖು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಅದೇ ಪ್ರತಿಯನ್ನು ಇಟ್ಟುಕೊಂಡು ಜಿಲ್ಲೆಯ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರ ಹತ್ತಿರ ಹೋಗಿ, ಅಥವಾ ಜನಸ್ಪಂದನದ 1902ಕ್ಕೆ ಕರೆ ಮಾಡಿ ದೂರು ಬರೆಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.